ಹುತ್ತದ ತಿರುವು

ಹೋದ ವರ್ಷ ದಸರೆ ರಜೆಯಲ್ಲಿ ನಮ್ಮೂರಿನ ತಿರುವಿನ ಬಳಿ ಮೂರು ಕಾಲಿನ ಅಳತೆ ಯಂತ್ರ ನಿಲ್ಲಿಸಿಕೊಂಡಿದ್ದ ಇಂಜಿನಿಯರೊಬ್ಬರು ನನ್ನನ್ನು ಕೇಳಿದ ಒಂದು ಮಾತಿನಿಂದ ಇದೆಲ್ಲ ಶುರುವಾಯಿತು. "ಮೇಡಂ, ನೀವು ಇದೇ ಊರಿನವರಂತೆ. ಈ ರೋಡು ಇಲ್ಲಿ ಯಾಕೆ ಹೀಗೆ ಬಾಗಿದೆ?" ಎಂದರು. ಆ ಪ್ರಶ್ನೆಗೆ ಉತ್ತರ ನನಗೆ ಐದು ವರ್ಷದವಳಿದ್ದಾಗಿನಿಂದ ಬಾಯಿಪಾಠ. ಖುಷಿಯಿಂದಲೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಕೂತಿದ್ದ ಒಬ್ಬ ಮುದುಕಿ ಎರಡು ಮಾತು ಆಡಿದಳು. ಆ ಎರಡು ಮಾತಿನಿಂದ ನಾನು ಇನ್ನೂ ಸುಧಾರಿಸಿಕೊಂಡಿಲ್ಲ.

ಮೊದಲು ರಸ್ತೆಯ ವಿಷಯ ಹೇಳಿಬಿಡುತ್ತೇನೆ.

ನಾನು ಯಳಂದೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳು. ಮನೆ ಮಾಡಿರುವುದು ಕೊಳ್ಳೇಗಾಲದಲ್ಲಿ. ಹುಟ್ಟಿದ್ದು ಕಾಮಗೆರೆಗೂ ಹನೂರಿಗೂ ನಡುವೆ, ರಸ್ತೆಗೆ ಆತುಕೊಂಡೇ ಇರುವ ಒಂದು ಊರಿನಲ್ಲಿ. ಹಾಗಾಗಿ ನನ್ನ ಐವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಒಂದೇ ದಾರಿಯ ಮೇಲೆ ಕಳೆದಿವೆ. ಯಳಂದೂರಿನ ಕಡೆ ಹೊಳೆಯ ನೀರು, ಗದ್ದೆ, ತೆಂಗು. ಕೊಳ್ಳೇಗಾಲ ಬಂತೆಂದರೆ ರೇಷ್ಮೆ ಬಿಚ್ಚುವ ಮನೆಗಳಿಂದ ಬೆಂದ ಗೂಡಿನ ವಾಸನೆ. ಅಲ್ಲಿಯ ತನಕ ಅದು ರಾಷ್ಟ್ರೀಯ ಹೆದ್ದಾರಿ. ಕೊಳ್ಳೇಗಾಲದಿಂದ ಹನೂರಿನ ಕಡೆ ಹೊರಳಿಕೊಂಡರೆ ನಮ್ಮ ರಾಜ್ಯ ಹೆದ್ದಾರಿ. ಮಧುವನಹಳ್ಳಿ, ಕಾಮಗೆರೆ ದಾಟುತ್ತಿದ್ದ ಹಾಗೆ ನೀರಾವರಿ ತೆಳ್ಳಗಾಗಿ ರಾಗಿ, ಜೋಳ, ಹುರುಳಿಯ ಹೊಲಗಳು ಬರುತ್ತವೆ, ಎರಡೂ ಪಕ್ಕದ ಗುಡ್ಡಗಳು ಹತ್ತಿರವಾಗುತ್ತವೆ. ಹನೂರು ದಾಟಿದ ಮೇಲೆ ಒಂದು ದಾರಿ ಬೆಟ್ಟದ ದೇವರ ಕಡೆ ಹೋಗುತ್ತದೆ, ಮತ್ತೊಂದು ರಾಮಾಪುರ, ಹೂಗ್ಯದ ಕಡೆಗೆ ಕಾಡಂಚು ಹಿಡಿದು ತಮಿಳು ಮಾತಿನ ಊರುಗಳನ್ನು ಸೇರುತ್ತದೆ.

ಈ ರಸ್ತೆಯ ಚರಿತ್ರೆಯನ್ನು, ಪುಸ್ತಕದಲ್ಲಿ ಇಲ್ಲದಿದ್ದರೂ, ನಾನು ಪ್ರತಿ ವರ್ಷ ಎಂಟನೇ ತರಗತಿಯವರಿಗೆ ಹೇಳುತ್ತಿದ್ದೆ. ರಾಜ್ಯ ಒಂದಾಗುವ ಮೊದಲು ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದರಾಸಿನವರ ಕೊಯಮತ್ತೂರು ಜಿಲ್ಲೆಗೆ. ಕೊಳ್ಳೇಗಾಲದವರು ಯಳಂದೂರಿನ ನೆಂಟರ ಮನೆಗೆ ಊಟಕ್ಕೆ ಹೋಗಬೇಕಾದರೆ ಒಂದು ಸೀಮೆ ಬಿಟ್ಟು ಇನ್ನೊಂದು ಸೀಮೆಗೆ ಕಾಲಿಡಬೇಕಿತ್ತು ಎಂದರೆ ಮಕ್ಕಳು ನಗುತ್ತಿದ್ದವು. ಆಗ ನಮ್ಮೂರ ಮುಂದೆ ಇದ್ದದ್ದು ಬರೀ ಗಾಡಿ ಜಾಡು. ಕೊಳ್ಳೇಗಾಲ ಈ ಕಡೆಗೆ ಬಂದ ಮೇಲೆ ಆ ಜಾಡನ್ನು ಅಗಲ ಮಾಡಿ, ಕಲ್ಲು ಹಾಸಿ, ರೋಲರ್ ಓಡಿಸಿ ರಸ್ತೆ ಮಾಡಿದರು. ಆಗ ಊರಿಗೆ ಮಣೇಗಾರರಾಗಿದ್ದವರು ನಮ್ಮ ತಾತ. ಮಣೇಗಾರರೆಂದರೆ ಈಚೆ ಕಡೆಯವರು ಪಟೇಲರು ಎನ್ನುತ್ತಾರಲ್ಲ, ಅದು. ಊರ ಮುಂದಕ್ಕೆ ರಸ್ತೆ ತಂದವರು ನಮ್ಮ ತಾತ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಹನೂರಿನ ಕಡೆಯಿಂದ ಬಂದ ರಸ್ತೆ ನಮ್ಮೂರು ದಾಟಿದ ಕೂಡಲೇ ಒಮ್ಮೆ ಜೋರಾಗಿ ಎಡಕ್ಕೆ ಬಾಗಿ, ಮತ್ತೆ ಬಲಕ್ಕೆ ತಿರುಗಿ ನೇರವಾಗುತ್ತದೆ. ಆ ಬಾಗಿನ ಒಳ ಅಂಚಿನಲ್ಲಿ ಆಳೆತ್ತರದ ಒಂದು ಹುತ್ತ. ಅದಕ್ಕೇ ಅದು ಹುತ್ತದ ತಿರುವು. ನಮ್ಮ ಮನೆಯಲ್ಲಿ ಹೇಳುತ್ತಿದ್ದ ಕಥೆ ಇಷ್ಟು: ರಸ್ತೆಗೆ ಗುರುತು ಹಾಕಲು ದೊಡ್ಡ ಇಂಜಿನಿಯರು ಬಂದಾಗ ಅವರ ಗೆರೆ ನೇರವಾಗಿ ಈ ಹುತ್ತದ ಮೇಲೆ ಹೋಗುತ್ತಿತ್ತು. ಆಳುಗಳು ಹಾರೆ ಎತ್ತಿದರು. ಹುತ್ತದಿಂದ ನಾಗರಹಾವು ಹೆಡೆಯೆತ್ತಿ ನಿಂತಿತು. ತಾತ ಅಡ್ಡ ನಿಂತು, "ಇದು ನಮ್ಮ ಮನೆದೇವರ ಜಾಗ, ದಾರಿ ಬಾಗಲಿ" ಎಂದರು. ಇಂಜಿನಿಯರು ಟೋಪಿ ತೆಗೆದು ಕೈ ಮುಗಿದು ಗೆರೆ ಬದಲಾಯಿಸಿದರು. ಅಂದಿನಿಂದ ಪ್ರತಿ ವರ್ಷ ಷಷ್ಠಿ ಹಬ್ಬದಲ್ಲಿ ನಮ್ಮ ಮನೆಯ ಹೆಂಗಸರು ಆ ಹುತ್ತಕ್ಕೆ ತನಿ ಎರೆಯಬೇಕು. ಹಾಲು, ತುಪ್ಪ, ಅರಿಶಿನ, ಕೆಂಪು ಹೂ. ಮೊದಲು ನಮ್ಮಜ್ಜಿ ಎರೆಯುತ್ತಿದ್ದಳು. ಅವಳ ತರುವಾಯ ನಮ್ಮವ್ವ.

ಆ ತಿರುವಿನಲ್ಲಿ ಸತ್ತವರು ಕಡಿಮೆ ಜನ ಅಲ್ಲ. ಎದುರಿನಿಂದ ಬರುವ ಗಾಡಿ ಹುತ್ತಕ್ಕೆ ಮರೆಯಾಗಿ ಕಾಣುವುದಿಲ್ಲ. ನಾನು ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಿದ್ದಾಗ, ನಮ್ಮಪ್ಪ ರೇಷ್ಮೆ ಗೂಡು ಮಾರಿ ಮೊಪೆಡ್ಡಿನಲ್ಲಿ ವಾಪಸು ಬರುತ್ತಿದ್ದವರು, ನಡುಮಧ್ಯಾಹ್ನ, ಅಲ್ಲಿಯೇ ಲಾರಿಯ ಅಡಿಗೆ ಸಿಕ್ಕಿದರು. ಖಾಲಿ ಗೂಡಿನ ಚೀಲ ಪಕ್ಕದ ಹೊಲದಲ್ಲಿ ಸಿಕ್ಕಿತು.

ಅಪ್ಪನ ತಿಥಿ ಕಳೆದು ಎಷ್ಟೋ ದಿನದ ಮೇಲೆ ಅವ್ವ ನನಗೊಬ್ಬಳಿಗೇ ಒಂದು ಮಾತು ಹೇಳಿದಳು. ಆ ವರ್ಷದ ಷಷ್ಠಿಯ ದಿನ ಅವಳು ಹೊರಗೆ ಕೂರಬೇಕಾಗಿತ್ತು. ಚಿಕ್ಕಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು. ತನಿ ಎರೆಯಲು ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ತಪ್ಪಿಸಿದರೆ ಊರವರು ಏನನ್ನುತ್ತಾರೋ ಎಂದು ಅವ್ವ ಯಾರಿಗೂ ಹೇಳದೆ, ತಲೆಗೆ ನೀರು ಹಾಕಿಕೊಂಡು, ಅದೇ ಮೈಯಲ್ಲಿ ಹೋಗಿ ಹಾಲೆರೆದು ಬಂದಳು. ಅದಾಗಿ ಇಪ್ಪತ್ತು ದಿನ ತುಂಬುವ ಮೊದಲೇ ಅಪ್ಪ ಹೋದರು. "ನಾನೇ ಕೊಂದೆ ಕನ ಕೂಸು," ಎಂದಳು ಅವ್ವ. ಅವಳು ಅಳಲಿಲ್ಲ. ಅಡುಗೆಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ನಾನು ಎಷ್ಟು ಓದಿದರೂ, ಎಷ್ಟು ಬುದ್ಧಿ ಹೇಳಿದರೂ ಆ ಮಾತನ್ನು ಅವಳ ಎದೆಯಿಂದ ಕೀಳಲು ಆಗಲಿಲ್ಲ. ಮುಂದಿನ ಮೂವತ್ತು ವರ್ಷ ಅವಳು ಆ ತಿರುವನ್ನು ಬಸ್ಸಿನಲ್ಲಿ ಕೂತು ದಾಟಲಿಲ್ಲ. ಕೊಳ್ಳೇಗಾಲಕ್ಕೆ ಹೋಗಬೇಕಾದರೆ ಚಪ್ಪಲಿ ಕೈಯಲ್ಲಿ ಹಿಡಿದು ತಿರುವನ್ನು ನಡೆದು ದಾಟಿ, ಆಚೆ ನಿಂತು ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದಳು. ನನ್ನ ಜೊತೆ ಕೊಳ್ಳೇಗಾಲಕ್ಕೆ ಬಂದು ನೆಲೆಸಿದ ಮೇಲೂ ಊರಿಗೆ ಹೋದಾಗೆಲ್ಲ ಹಾಗೆಯೇ ಮಾಡುತ್ತಿದ್ದಳು.

ಈಗ ರಸ್ತೆ ಅಗಲ ಮಾಡುತ್ತಾರೆಂದು ಅಳತೆಯವರು ಬಂದಿದ್ದರು. ನಾನು ಹಬ್ಬಕ್ಕೆಂದು ಊರಿಗೆ ಹೋಗಿದ್ದವಳು ತಿರುವಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಇಂಜಿನಿಯರಿಗೆ ನಮ್ಮ ಊರಿನ ಕಡೆ ಯಾರ ಪರಿಚಯವೂ ಇರಲಿಲ್ಲ. "ಬಂಡೆ ಇಲ್ಲ, ಹಳ್ಳ ಇಲ್ಲ, ಕೆರೆ ಇಲ್ಲ. ರಸ್ತೆ ಸುಮ್ಮಸುಮ್ಮನೆ ಬಾಗುವುದಿಲ್ಲ ಮೇಡಂ," ಎಂದರು. ನಾನು ಕಥೆ ಹೇಳಿದೆ, ಹಾವು ಹೆಡೆಯೆತ್ತಿದ್ದು, ತಾತ ಅಡ್ಡ ನಿಂತಿದ್ದು, ಟೋಪಿ ತೆಗೆದದ್ದು. ಅವರು ತಲೆದೂಗಿದರು.

ಆಗ ಹಿಂದಿನಿಂದ ದನಿ ಬಂತು.

"ಉತ್ತ ಎಲ್ಲಿತ್ತವ್ವ ಆಗ? ಅದು ನಮ್ಮವ್ವನ ಮನ ಗ್ವಾಡ ಕನ."

ಸೀತಾಫಲದ ಕುಕ್ಕೆ ಮುಂದಿಟ್ಟುಕೊಂಡು ಕೂತಿದ್ದ ಅಜ್ಜಿ. ಗುಡ್ಡದ ಮಗ್ಗುಲಿನ ಕೇರಿಯವಳು. ನಾನು ಚಿಕ್ಕಂದಿನಿಂದ ಕಂಡವಳೇ. ಹಣ್ಣಿನ ಕಾಲಕ್ಕೆ ಹಣ್ಣು, ಬೇರೆ ಕಾಲಕ್ಕೆ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಅದೇ ಜಾಗದಲ್ಲಿ ಕೂರುತ್ತಿದ್ದಳು.

"ಏನಂದೆ ಅಜ್ಜಿ?" ಎಂದೆ.

"ಅದು ಉತ್ತ ಅಲ್ಲ ಟೀಚ್ರವ್ವ. ಗ್ವಾಡ. ಇಲ್ಲಿ ನಮ್ಮೋರ ಏಳು ಮನ ಇದ್ವು."

ಆ ಕ್ಷಣದಲ್ಲಿ ನಾನು ಹೇಗೆ ನಡೆದುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ನನಗೆ ಕೋಪ ಬಂತು. ಹೊರಗಿನವರ ಮುಂದೆ ನಮ್ಮ ಮನೆಯ ಮಾತಿಗೆ ಎದುರು ಹೇಳಿದಳಲ್ಲ ಎಂದು. "ಸುಮ್ಮನಿರು ಅಜ್ಜಿ, ಗೊತ್ತಿಲ್ಲದ್ದು ಮಾತಾಡಬೇಡ," ಎಂದು ಗದರಿದೆ. ಯಳಂದೂರಿನಲ್ಲಿ ಮಕ್ಕಳಿಗೆ ಸಮಾನತೆಯ ಪಾಠ ಹೇಳುವ ಇದೇ ಬಾಯಲ್ಲಿ. ಅಜ್ಜಿ ಸಿಟ್ಟಾಗಲಿಲ್ಲ. ಒಡೆದ ಹಣ್ಣೊಂದನ್ನು ಪಕ್ಕಕ್ಕೆ ತೆಗೆದಿಟ್ಟು, "ಆಯ್ತು ಬುಡವ್ವ," ಎಂದಳು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವಳು.

ಇಂಜಿನಿಯರು ಮಾತ್ರ ಬಿಡಲಿಲ್ಲ. ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, "ಹೇಳಿ ಅಜ್ಜಿ, ರೋಡು ಮೊದಲು ಎಲ್ಲಿ ಹೋಗಬೇಕಿತ್ತು?" ಎಂದು ಕೇಳಿದರು. ಅವಳು ಕೈಯೆತ್ತಿ ತೋರಿಸಿದಳು. ಅವಳ ಬೆರಳು ನಮ್ಮ ಹಿಪ್ಪುನೇರಳೆ ತೋಟದ ಕಡೆಗಿತ್ತು. ತೋಟದ ನಡುವೆ ತಾತ ತೋಡಿಸಿದ ಕಲ್ಲುಕಟ್ಟಡದ ಬಾವಿ.

"ಅಲ್ಲಿ, ಬಾವಿ ಪಕ್ಕದಲ್ಲಿ, ನೇರಕ ಗೂಟ ನೆಟ್ಟಿದ್ರು ಸಾ. ನಾನಾಗ ಇಷ್ಟುದ್ದ ಇದ್ದೆ. ಒಂದಿನ ನಮ್ಮಪ್ಪ ಅವ್ವ ಕೂಲಿಗೋಗಿ ಬರದ್ರೊಳಗ ಗೂಟವೆಲ್ಲ ನಮ್ ಅಟ್ಟಿ ಒಳಕ್ಕ ಬಂದ್ಬುಟ್ಟಿದ್ವು. ಮಣೇಗಾರ ಬುದ್ದಿಯೋರು ಬಂದು, ಸರ್ಕಾರದ ಅಪ್ಪಣ ಆಗದ, ಸಂಜ ಒಳಗ ಕಾಲಿ ಮಾಡಿ ಅಂದ್ರು."

"ಆಮೇಲೆ?"

"ಆಮ್ಯಾಕೇನು? ಗುಡ್ಡದ ಮಗ್ಗುಲ್ಗ ಓದ್ವಿ. ನಮ್ಮಪ್ಪ ಇದೇ ರೋಡ್ಗ ಕಲ್ಲೊಡ್ದ. ನಾನೂವ ಜಲ್ಲಿ ಒತ್ತಿವ್ನಿ, ಮಂಕ್ರಿ ತಲಮ್ಯಾಲ ಇಟ್ಕಂಡು. ನಮ್ ಮನ ಮ್ಯಾಲ ನಾವೇ ಜಲ್ಲಿ ಆಸುದ್ವಿ. ಒಂದು ಗ್ವಾಡ ಮಾತ್ರ ರೋಡಂಚಿಗ ಉಳ್ಕತು. ಮಳಗ ಕರ್ಗಿ ಕರ್ಗಿ ಮಣ್ಣು ಗುಡ್ಡ ಆಯ್ತು, ಗೆದ್ಲು ಇಡೀತು. ಸುಮಾರು ದಿನ ಆದ್ಮ್ಯಾಕ ಬುದ್ದಿಯೋರ ಮನಯೋರು ಬಂದು ಅರಿಸ್ನ ಕುಂಕ್ಮ ಇಕ್ಕುದ್ರು. ನಾವು ಏನಂತ ಏಳದು ಸಾ?"

ಬಸ್ಸು ಬಂತು. ನಾನು ಹತ್ತಲಿಲ್ಲ. ಅದು ನನ್ನೆದುರಿಗೇ ನಿಂತು, ಕಂಡಕ್ಟರು "ಬರ್ತೀರಾ ಮೇಡಂ?" ಎಂದು ಕೇಳಿ, ಶಿಳ್ಳೆ ಹಾಕಿ ಹೋದದ್ದು ಯಾವುದೋ ದೂರದ ಸಂಗತಿಯಂತೆ ನೆನಪಿದೆ. ನಾನು ಹುತ್ತವನ್ನೇ ನೋಡುತ್ತಿದ್ದೆ. ಅದರ ಒಂದು ಮಗ್ಗುಲು ಉಳಿದದ್ದಕ್ಕಿಂತ ನೆಟ್ಟಗಿತ್ತು. ಐವತ್ತು ವರ್ಷದಿಂದ ನೋಡಿದ್ದೇನೆ, ಒಂದು ದಿನವೂ ಅದು ನನಗೆ ಕಂಡಿರಲಿಲ್ಲ. ಹತ್ತಿರ ಹೋದೆ. ಕೆಳಗಡೆ ಗೆದ್ದಲ ಮಣ್ಣು ಕಳಚಿದ್ದ ಕಡೆ, ಕೆಮ್ಮಣ್ಣಿನೊಳಗೆ ಒತ್ತೊತ್ತಾಗಿ ಜೋಡಿಸಿದ ಕಾಡುಗಲ್ಲಿನ ಎರಡು ವರಸೆ ಇದ್ದವು. ಮನೆ ಕಟ್ಟುವವರು ಗೋಡೆಯ ಬುಡಕ್ಕೆ ಇಡುವ ಕಲ್ಲು. ಅವುಗಳ ಮೇಲೆ ಒಣಗಿದ ಕುಂಕುಮ.

ಆದರೂ ನಾನು ನಂಬಲಿಲ್ಲ. ನಂಬದೇ ಇರಲು ಏನೇನು ಕಾರಣ ಬೇಕೋ ಎಲ್ಲವನ್ನೂ ಆ ರಾತ್ರಿಯೊಳಗೆ ಹುಡುಕಿಕೊಂಡೆ. ಮುದುಕಿಗೆ ಅರಳು ಮರಳು. ಯಾವುದೋ ಹಳೆಯ ಸಿಟ್ಟು. ತಿರುವಿನಲ್ಲಿ ನನ್ನ ನಂಬರು ಬರೆದುಕೊಂಡಿದ್ದ ಇಂಜಿನಿಯರಿಂದ ಮೂರನೆಯ ದಿನ ಫೋನು ಬಂತು. ಹಳೆಯ ರಸ್ತೆಯ ನಕ್ಷೆಗಳ ಪ್ರತಿಗಳು ಅವರ ಹತ್ತಿರ ಇದ್ದವಂತೆ. "ನೀವು ನೋಡಬೇಕು ಅನ್ನಿಸಿತು," ಎಂದರು. ಕೊಳ್ಳೇಗಾಲದಲ್ಲಿ ಅವರು ಉಳಿದುಕೊಂಡಿದ್ದ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ, ಕಾಫಿ ಲೋಟಗಳನ್ನು ಸರಿಸಿ, ಹಾಳೆ ಬಿಡಿಸಿದರು.

ಮೊದಲ ಗೆರೆ ನೇರವಾಗಿ ಹೋಗಿತ್ತು. ನಮ್ಮ ತೋಟದ ನಡುವೆ, ಬಾವಿಗೆ ತಾಗುವಷ್ಟು ಹತ್ತಿರದಲ್ಲಿ. ಅದರ ಮೇಲೆ ಅಡ್ಡಡ್ಡ ಗೀರು ಹಾಕಿ ಹೊಡೆದು, ಎರಡನೆಯ ಗೆರೆ ಎಳೆದಿದ್ದರು. ಅದು ಬಾಗಿದ ಕಡೆ ಏಳು ಪುಟ್ಟ ಚೌಕಗಳಿದ್ದವು. ಸುತ್ತಲಿನ ಹೊಲಗಳಿಗೆಲ್ಲ ಸರ್ವೆ ನಂಬರು ಇತ್ತು, ಈ ಚೌಕಗಳಿಗೆ ನಂಬರಿರಲಿಲ್ಲ. ಹುತ್ತದ ಗುರುತು ಎಲ್ಲೂ ಇರಲಿಲ್ಲ. ಹಾಳೆಯ ಮೂಲೆಯಲ್ಲಿ, ಗ್ರಾಮದ ಮುಖ್ಯಸ್ಥರ ಕೋರಿಕೆಯಂತೆ ಬದಲಾವಣೆ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಒಂದು ರುಜು. ಅದು ತಮಿಳು ಅಕ್ಷರದ್ದು. ತಾತ ಕೊಯಮತ್ತೂರಿನ ಕಾಲದಲ್ಲಿ ಶಾಲೆ ಕಲಿತವರು, ಸಾಯುವ ತನಕ ತಮಿಳಿನಲ್ಲೇ ರುಜು ಹಾಕಿದವರು. ಕೊನೆಯ ಅಕ್ಷರದ ಬಾಲವನ್ನು ಕೆಳಗಿಳಿಸಿ ಎಡಕ್ಕೆ ಎಳೆದು, ತುದಿಗೊಂದು ಚುಕ್ಕಿ ಇಡುತ್ತಿದ್ದರು. ನಾನು ಸಣ್ಣವಳಿದ್ದಾಗ ಅವರ ತೊಡೆಯ ಮೇಲೆ ಕೂತು ಅದನ್ನು ಸ್ಲೇಟಿನ ಮೇಲೆ ತಿದ್ದಿದ್ದೇನೆ. ಆ ಬಾಲ ಅಲ್ಲಿತ್ತು. ಆ ಚುಕ್ಕಿಯೂ ಇತ್ತು.

"ನೀರು ಕುಡಿಯಿರಿ ಮೇಡಂ," ಎಂದು ಇಂಜಿನಿಯರು ಲೋಟ ಮುಂದಕ್ಕೆ ತಳ್ಳಿದರು. ತಾತ ಒಳ್ಳೆಯವರು. ಬರಗಾಲದಲ್ಲಿ ಕಣಜ ತೆಗೆದವರು. ನನಗೆ ಅಕ್ಷರ ಕಲಿಸಿದವರು. ಅದೇ ಕೈ ಈ ಗೆರೆಯನ್ನೂ ಎಳೆಸಿತ್ತು.

ಅಲ್ಲಿಂದ ನೇರವಾಗಿ ಊರಿಗೆ ಹೋದೆ. ಚಿಕ್ಕಪ್ಪ ಜಗಲಿಯ ಮೇಲೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯನ್ನು ಕಟ್ಟಿ ಸರಿಮಾಡುತ್ತಿದ್ದರು. ಎಪ್ಪತ್ತು ದಾಟಿದವರು. ಸೊಸೆಯಂದಿರು, ಮೊಮ್ಮಕ್ಕಳು ಮನೆಯ ತುಂಬ. ನಾನು ನಕ್ಷೆಯ ವಿಷಯ ಹೇಳಿದೆ. ಅವರು ಬೆಚ್ಚಿಬೀಳುತ್ತಾರೆ, ಇಲ್ಲ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಚಂದ್ರಿಕೆಯ ಬಿದಿರು ಕಡ್ಡಿಯನ್ನು ಹೆಣೆಯುತ್ತಲೇ ಕೇಳಿದರು, "ಯಾರಂದ್ರು ನಿಂಗ?"

"ಯಾರಂದರೇನು ಚಿಕ್ಕಪ್ಪ? ನಿಜವಾ?"

"ಬಾವಿ ಆಗ ತಾನೇ ತೋಡ್ಸಿದ್ರಂತ ಕನ. ಆ ಬಾವಿ ಓಗಿದ್ರ ತೋಟ ಎಲ್ಲಿರದು, ನಾವೆಲ್ಲಿರದು? ನೀ ಓದಿದ್ದೂ ಆ ತೋಟದ್ದೇ ಗೂಡು ಮಾರಿ."

"ಅಂದರೆ ನಿಮಗೆ ಗೊತ್ತಿತ್ತು."

"ಊ. ಗೊತ್ತಿತ್ತು."

"ಹುತ್ತ?"

"ಕೇರಿಯೋರು ಅರ್ಜಿ ಗಿರ್ಜಿ ಅಂತ ಓಡಾಡಕ ಸುರು ಮಾಡಿದ್ರಂತ. ದೇವ್ರು ಅಂದ್ಬುಟ್ರ ಯಾರೂ ಮುಟ್ಟಲ್ಲ ನೋಡು. ನಮ್ಮಪ್ಪ ಅದ್ಕ ಆ ಕತ ಕಟ್ಟಿದ್ರು." ಆಮೇಲೆ ತಲೆಯೆತ್ತದೆ ಇನ್ನೊಂದು ಮಾತು ಸೇರಿಸಿದರು. "ನಿಮ್ಮಪ್ಪಂಗೂ ಗೊತ್ತಿತ್ತು. ನಾವು ದೊಡ್ಡೋರಾದ್ಮ್ಯಾಲ ಅಪ್ಪನೇ ಕೂರಿಸ್ಕಂಡು ಏಳಿದ್ರು. ಎಂಗುಸ್ರಿಗ ಏಳದ್ಯಾಕ ಅಂತ ಸುಮ್ನಿದ್ವಿ."

ಈ ಮನುಷ್ಯ ಮೂವತ್ತು ವರ್ಷ ನನ್ನ ಅವ್ವ ಸೊರಗಿದ್ದನ್ನು ನೋಡಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಡೆಯುವುದನ್ನು ನೋಡಿದ್ದರು. ಅವಳು ವಾರಕ್ಕೆರಡು ಸಲ ಒಪ್ಪೊತ್ತು ಇರುವುದು ಯಾಕೆಂದು ಅವಳು ಇವರಿಗೆ ಹೇಳಿರದಿದ್ದರೂ ಊಹಿಸುವುದು ಕಷ್ಟವಿರಲಿಲ್ಲ. ಒಂದು ಮಾತು, "ಅತ್ತಿಗೆ, ಅದು ಹುತ್ತ ಅಲ್ಲ" ಎನ್ನುವ ಒಂದೇ ಮಾತು ಹೇಳಿದ್ದರೆ ಸಾಕಿತ್ತು. "ಯಾಕೆ ಹೇಳಲಿಲ್ಲ?" ಎಂದು ಕಿರುಚಿದೆ. ಒಳಗಿನಿಂದ ಸೊಸೆಯಂದಿರು ಹೊರಗೆ ಬಂದರು.

"ಯಾರೂ ಕೇಳ್ನಿಲ್ವಲ್ಲ," ಎಂದರು ಚಿಕ್ಕಪ್ಪ. ಅದು ಕೆಟ್ಟತನದಿಂದ ಬಂದ ಮಾತಾಗಿರಲಿಲ್ಲ. ಅವರಿಗೆ ನಿಜವಾಗಿಯೂ ಅದಕ್ಕಿಂತ ಬೇರೆ ಉತ್ತರ ತೋಚಿರಲಿಲ್ಲ. ನನಗೆ ಹೆಚ್ಚು ದಿಗಿಲಾದದ್ದು ಅದರಿಂದಲೇ.

ಅವ್ವನಿಗೆ ಹೇಳುವುದೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಐದನೆಯ ದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು, ನಾನೂ ಒಂದು ಹಿಡಿ ಎತ್ತಿಕೊಂಡು, ಮೊದಲಿನಿಂದ ಕೊನೆಯ ತನಕ ಹೇಳಿದೆ. ಅಜ್ಜಿಯ ಮಾತು, ಕಲ್ಲಿನ ವರಸೆ, ನಕ್ಷೆ, ತಾತನ ರುಜು, ಚಿಕ್ಕಪ್ಪನ ಮಾತು. ಅಪ್ಪನಿಗೂ ಗೊತ್ತಿತ್ತು ಎಂಬುದನ್ನು ಮಾತ್ರ ಬಿಟ್ಟೆ.

ಅವ್ವನ ಕೈ ನಿಂತಿತು. ಮೊರದಲ್ಲಿದ್ದ ಕಾಳನ್ನು ನೋಡುತ್ತಾ ಕೂತಳು. "ಉತ್ತದೊಳಗ ಆವೇ ಇರ್ನಿಲ್ವ?" ಎಂದು ಕೇಳಿದಳು, ಸಣ್ಣ ಹುಡುಗಿಯ ದನಿಯಲ್ಲಿ.

"ಇರಲಿಲ್ಲ ಅವ್ವ. ಅದು ಮನೆ ಗೋಡೆ."

"ಮತ್ತ ನಿಮ್ಮಪ್ಪ?"

"ಲಾರಿ ಬಂತು. ತಿರುವಿನಲ್ಲಿ ಕಾಣಲಿಲ್ಲ. ಅಷ್ಟೇ."

"ಅಷ್ಟೇಯ?" ಎಂದಳು. "ಅಷ್ಟೇಯ?" ಎಂದು ಮತ್ತೆ ಕೇಳಿದಳು. ಮೂವತ್ತು ವರ್ಷದ ಹೊರೆ ಇಳಿಯಿತೆಂದು ಅವಳು ಹಗುರಾಗುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳ ಮುಖ ಹಗುರಾಗಲಿಲ್ಲ, ಬಿಳಿಚಿಕೊಂಡಿತು. ತಾನು ಕೊಂದೆ ಎನ್ನುವುದರಲ್ಲಿ ಅವಳಿಗೆ ಏನೋ ಒಂದು ಅರ್ಥವಾದರೂ ಇತ್ತು. ಈಗ ಅದೂ ಇರಲಿಲ್ಲ. ಎರಡು ದಿನ ಅವಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಹೇಳಿ ತಪ್ಪು ಮಾಡಿದೆನೇ ಎಂದು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಮೂರನೆಯ ದಿನ ಅವಳೇ ಸೀರೆ ಉಟ್ಟು ಸಿದ್ಧವಾಗಿ, "ಆ ಎಣ್ಣಮಗ್ಳ ಮನಗ ಕರ್ಕಂಡೋಗು," ಎಂದಳು.

ಕೇರಿಗೆ ಅವ್ವ ಕಾಲಿಟ್ಟದ್ದು ಅದೇ ಮೊದಲು. ಬಂಡಳ್ಳಿಯಿಂದ ಸೊಸೆಯಾಗಿ ಬಂದ ಮೇಲೆ ಅಷ್ಟು ವರ್ಷ ಅದೇ ಊರಿನಲ್ಲಿ ಬಾಳಿದವಳು, ಗುಡ್ಡದ ಮಗ್ಗುಲಿಗೆ ಹೋದವಳೇ ಅಲ್ಲ. ಕಲ್ಲು ತುಂಬಿದ ಏರು. ಅಜ್ಜಿ ಬಾಗಿಲಲ್ಲಿ ಕೂತು ಕಡ್ಡಿಪೊರಕೆ ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದು, "ಅಯ್ಯೋ ಅಮ್ನೋರೆ, ನೀವ್ಯಾಕ ಬಂದ್ರಿ? ಏಳ್ಕಳ್ಸುದ್ರ ನಾನೇ ಬತ್ತಿರ್ನಿಲ್ವ?" ಎಂದಳು. ನಾನು ಮೊದಲು ತಿರುವಿನಲ್ಲಿ ಗದರಿದ್ದಕ್ಕೆ ಕ್ಷಮೆ ಕೇಳಿದೆ. ಅವಳಿಗೆ ಅದು ನೆನಪೇ ಇದ್ದಂತೆ ಕಾಣಲಿಲ್ಲ. ಅಂಥ ಮಾತು ದಿನಾ ಎಷ್ಟು ಕೇಳುತ್ತಾಳೋ.

ಅವ್ವ ನೆಲದ ಮೇಲೇ ಕೂತಳು. ಏನೇನೋ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ನಿಮ್ಮವ್ವ ನಮ್ ಮನಗ ಸಾಪ ಆಕಿದ್ಲಾ? ನಿಜ ಏಳು."

ಅಜ್ಜಿ ಅವ್ವನ ಮುಖ ನೋಡಿದಳು. ಅಪ್ಪ ಸತ್ತದ್ದು ಅವಳಿಗೂ ಗೊತ್ತು. ಅವಳ ಕುಕ್ಕೆಯಿಂದ ಹತ್ತು ಮಾರು ದೂರದಲ್ಲಿ ನಡೆದದ್ದು.

"ಸಾಪ ಆಕಕ ಪುರ್ಸೊತ್ತೆಲ್ಲಿತ್ತು ಅಮ್ನೋರೆ?" ಎಂದಳು. "ಅವತ್ತು ಸಂಜ ಒಳಗ ಒಲ ಊಡಕ ಜಾಗ ಉಡುಕ್ಬೇಕಾಗಿತ್ತು ನಮ್ಮವ್ವ. ಮೂರು ಮಕ್ಳು. ಮೋಡ ಬ್ಯಾರ ಮುಚ್ಕಂಡಿತ್ತು. ಈ ಬಂಡ ಮರಗ ಮೂರು ಕಲ್ಲಿಟ್ಟು ರಾಗಿಟ್ಟು ತಿರುವುದ್ಲು. ಅಷ್ಟೇ ನಂಗ ಗ್ಯಾನ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನ ಹೆಣದ ಮುಂದೆಯೂ ಅಳದಿದ್ದ ನನ್ನ ಅವ್ವ ಆ ಬಾಗಿಲಲ್ಲಿ ಕೂತು ಮೈಯೆಲ್ಲ ಕುಲುಕುವ ಹಾಗೆ ಅತ್ತಳು. ಅಜ್ಜಿ ಏನು ಮಾಡಬೇಕೋ ತಿಳಿಯದೆ, ಮುಟ್ಟಬಹುದೋ ಬಾರದೋ ಎಂದು ಕೈ ಮುಂದೆ ಚಾಚಿ ಹಿಂದಕ್ಕೆಳೆದುಕೊಳ್ಳುತ್ತಾ, ಕೊನೆಗೆ ಬೆನ್ನ ಮೇಲೆ ಇಟ್ಟಳು.

ಉಳಿದದ್ದು ಬೇಗ ಹೇಳಬಹುದು. ರಸ್ತೆ ಅಗಲದ ಬಗ್ಗೆ ಜನರ ಅಹವಾಲು ಕೇಳಲು ಊರಿನ ಶಾಲೆಯಲ್ಲಿ ಸಭೆ ಕರೆದರು. ಹುತ್ತ ಮುಟ್ಟಬಾರದು, ಮುಟ್ಟಿದರೆ ಊರಿಗೆ ಕೇಡು ಎಂದು ಊರಿನ ನಾಲ್ಕೈದು ಮಂದಿ ಎದ್ದು ನಿಂತರು. ನಾನು ಎದ್ದು ನಿಂತು ನಕ್ಷೆಯಲ್ಲಿ ಏನಿದೆ ಎಂದು ಹೇಳಿದೆ, ತಾತನ ರುಜುವಿನ ಸಮೇತ. ಕೇರಿಯ ಹಿರಿಯರು ನನ್ನನ್ನು ನೋಡಲೇ ಇಲ್ಲ, ನೆಲ ನೋಡುತ್ತಿದ್ದರು. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಚಿಕ್ಕಪ್ಪ ಎದ್ದು ಹೊರಗೆ ಹೋದರು. ಅವರು ಇವತ್ತಿಗೂ ನನ್ನೊಡನೆ ಮಾತು ಬಿಟ್ಟಿದ್ದಾರೆ.

ತಿರುವನ್ನು ತೆಗೆಯುವುದೆಂದು ತೀರ್ಮಾನವಾಗಿದೆ. ಹೊಸ ಗೆರೆ ತೋಟದ ನಡುವೆಯೇ ಹೋಗುತ್ತದೆ. ಬಾವಿಯಲ್ಲಿ ನೀರು ಬತ್ತಿ ಎಷ್ಟೋ ವರ್ಷವಾಗಿದೆ, ತೋಟ ಈಗ ಬೋರ್‌ವೆಲ್ಲಿನಲ್ಲಿ ಬದುಕಿದೆ. ಬಾಗಿನ ಜಾಗ ರಸ್ತೆಯಿಂದ ಬಿಡುಗಡೆಯಾದರೆ ಅದನ್ನು ಆ ಏಳು ಮನೆಯವರ ಮಕ್ಕಳು ಮೊಮ್ಮಕ್ಕಳಿಗೆ ಕೊಡಬೇಕೆಂದು ನಾನೇ ಅರ್ಜಿ ಬರೆದುಕೊಟ್ಟೆ. ಅವರು ಅಲ್ಲಿ ವಾಸವಿದ್ದದ್ದಕ್ಕೆ ದಾಖಲೆ ಏನಿದೆ ಎಂದು ಕೇಳಿ ಅರ್ಜಿ ಹಿಂದಕ್ಕೆ ಬಂತು. ನಕ್ಷೆಯ ಪ್ರತಿ ಲಗತ್ತಿಸಿ ಮತ್ತೆ ಕಳಿಸಿದೆ. ನಂಬರಿಲ್ಲದ ಚೌಕ ಮನೆಯೆಂದು ಹೇಗೆ ಹೇಳುವುದು ಎಂದು ಈ ಸಲ ಕೇಳಿದ್ದಾರೆ. ಮತ್ತೆ ಬರೆಯುತ್ತಿದ್ದೇನೆ. ಅಜ್ಜಿ ತನಗೆ ನೆನಪಿದ್ದಷ್ಟನ್ನೂ ಹೇಳಿ, ಹೆಬ್ಬೆಟ್ಟು ಒತ್ತಿದ್ದಾಳೆ.

ಮೊನ್ನೆ ಊಟ ಮಾಡುವಾಗ ಅವ್ವ ತಟ್ಟೆಯಲ್ಲಿ ಕೈಯಾಡಿಸುತ್ತಾ, ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು.

"ನಿಮ್ಮಪ್ಪಂಗ ಗೊತ್ತಿತ್ತಾ?"

ನಾನು ಸುಳ್ಳು ಹೇಳಬಹುದಿತ್ತು. ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

"ಪ್ರತಿ ವರ್ಸ ಆಲಿನ ಚೊಂಬ ಅವ್ರೇ ಒತ್ಕಂಡು ಬರೋರು, ನನ್ ಜೊತ," ಎಂದಳು ಅವ್ವ. "ಉತ್ತದ ಅತ್ರ ಮಾತ್ರ ಬತ್ತಿರ್ನಿಲ್ಲ. ರೋಡಿನ ಆಚಕಡ ನಿಂತ್ಕಂಡು ಬೀಡಿ ಸೇದೋರು. ಈ ಕಡ ತಿರುಗೂ ನೋಡ್ತಿರ್ನಿಲ್ಲ. ನಾಗರಾವ್ಗ ಎದುರ್ಕತ್ತಾರ ಅನ್ಕಂಡಿದ್ದೆ ಕನ ನಾನು."